ದಾರಿಯಲ್ಲಿ ಬಿದ್ದವನೂ ಕಲಿತ ಕೈಗಳೂ

(ಧ್ಯಾನಭಾಗ: ಲೂಕ 10:25–37)



ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಾದ ನಮಗೆ ಆ ದಾರಿ ದೂರದ್ದಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯು ನಮ್ಮ ಗದ್ದೆಗಳ ನಡುವೆಯೇ ಹಾದುಹೋಗುತ್ತದೆ. 2018ನೆಯ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಬಿದ್ದು 30 ಮಂದಿ ಪ್ರಾಣಬಿಟ್ಟರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಆದಕಾರಣ ನೆರೆಯವನು ಯಾರೆಂಬ ಪ್ರಶ್ನೆಯು ನಮ್ಮ ಬಾಗಿಲಲ್ಲಿಯೇ ನಿಂತಿದೆ.

ಮೊದಲನೆಯದಾಗಿ, ದಾಟಿಹೋದವರನ್ನು ನೋಡಿರಿ. ಯಾಜಕನೂ ಲೇವಿಯನೂ ಯಾಕೆ ನಿಲ್ಲಲಿಲ್ಲವೆಂದು ಕರ್ತನು ಹೇಳಲಿಲ್ಲ. ಮೈಲಿಗೆಯ ಭಯವೋ ಕಳ್ಳರ ಭಯವೋ ಇದ್ದಿರಬಹುದು. ನಮ್ಮವರಿಗೆ ಇರುವುದು ಪೊಲೀಸು ಕಚೇರಿಯ ಭಯ, ಕೋರ್ಟು ಅಲೆಯುವ ಭಯ. ಆದರೆ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ 134ಎ ಎಂಬ ವಿಧಿಯು, ಅಪಘಾತದಲ್ಲಿ ಬಿದ್ದವನಿಗೆ ಸದುದ್ದೇಶದಿಂದ ಸಹಾಯಮಾಡಿದವನನ್ನು ಕಾಪಾಡುತ್ತದೆ. ಅಂಥವನನ್ನು ಆ ಕಾಯಿದೆಯು ಕರೆಯುವ ಹೆಸರೇ ಗುಡ್ ಸಮಾರಿಟನ್, ಅಂದರೆ ಒಳ್ಳೆಯ ಸಮಾರ್ಯದವನು! ಕರ್ತನ ಸಾಮ್ಯವು ದೇಶದ ಕಾನೂನಿನೊಳಗೆ ಸೇರಿರುವಾಗ, ಆತನ ಶಿಷ್ಯರು ಯಾವ ನೆವವನ್ನು ಹೇಳಬಲ್ಲರು?

ಎರಡನೆಯದಾಗಿ, ಸಮಾರ್ಯದವನು ಮರುಗಿದ್ದು ಮಾತ್ರವಲ್ಲ, ಮಾಡತಕ್ಕದ್ದನ್ನು ಅರಿತಿದ್ದನು. ತನ್ನ ಕಾಲದಲ್ಲಿ ತಿಳಿದಿದ್ದ ಔಷಧವನ್ನು ಹಾಕಿ, ಗಾಯವನ್ನು ಕಟ್ಟಿ, ತನ್ನ ಪಶುವಿನ ಮೇಲೆ ಕರೆದೊಯ್ದನು. ಅರಿವಿಲ್ಲದ ಕನಿಕರವು ಕೆಲವೊಮ್ಮೆ ಕೊಲ್ಲುತ್ತದೆ. ಕತ್ತು ಮುರಿದವನನ್ನು ರಟ್ಟೆ ಹಿಡಿದೆಳೆಯುವುದು, ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹೊಯ್ಯುವುದು, ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದ ಕಾಲನ್ನು ಕೊಯ್ಯುವುದು, ಇವೆಲ್ಲವೂ ಪ್ರೀತಿಯಿಂದಲೇ ನಡೆಯುತ್ತವೆ. ಕಲಿತವನಾದರೋ ಶುದ್ಧವಾದ ಬಟ್ಟೆಯಿಂದ ರಕ್ತವನ್ನು ಒತ್ತಿಹಿಡಿಯುತ್ತಾನೆ. ಉಸಿರಿನ ದಾರಿಯನ್ನು ತೆರೆದಿಡುತ್ತಾನೆ. ಹಾವು ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಸೇರಿಸುತ್ತಾನೆ. 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ 108 ವಾಹನದಲ್ಲಿ ಚಾಲಕನ ಸಂಗಡ ಇಂಥ ತರಬೇತಿ ಹೊಂದಿದವರು ಇರುವುದು ಇದಕ್ಕಾಗಿಯೇ.

ಮೂರನೆಯದಾಗಿ, ಸಹಾಯಮಾಡಿದವನು ಯಾವ ಕುಲದವನು? ಯೆಹೂದ್ಯರು ಹೀನವಾಗಿ ಕಂಡ ಕುಲದವನು. ನಮ್ಮಲ್ಲಿ ಅನೇಕರ ಹಿರಿಯರನ್ನು ಊರವರು ಮುಟ್ಟದೆ, ಬಾವಿಯ ಹತ್ತಿರ ಸೇರಿಸದೆ ದೂರವಿಟ್ಟಿದ್ದರು. ಅವರ ಮೊಮ್ಮಕ್ಕಳು, ಬಿದ್ದವನ ಜಾತಿಯನ್ನು ಕೇಳದೆ, ಅದೇ ಊರಿನವರ ರಕ್ತವನ್ನು ತಮ್ಮ ಕೈಗಳಿಂದ ತಡೆದು ಪ್ರಾಣ ಉಳಿಸುವದಾದರೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? 1906ರಲ್ಲಿ ವೆಸ್ಲಿಯನ್ ಮಿಶನ್ನಿನವರು ಮೈಸೂರಿನಲ್ಲಿ ಸ್ಥಾಪಿಸಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಇಂಥ ಸಾಕ್ಷಿಯೇ.

ಆದಕಾರಣ ತಂದೆತಾಯಿಗಳೇ, ಓದುವ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಈ ವಿದ್ಯೆಗೆ ಕಳುಹಿಸಿರಿ. ಡಾಕ್ಟರಾಗದಿದ್ದರೆ ಕೀಳೆಂದು ಎಣಿಸಬೇಡಿರಿ. ದೇಹಕ್ಕೆ ಕಣ್ಣೂ ಬೇಕು, ಕೈಯೂ ಬೇಕು. ಆದರೆ ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕಮಾಡುವಂತೆ ವಿಚಾರಿಸಿ ನೋಡಿರಿ. ಆ ಕಾಲೇಜಿಗೆ ಮಾನ್ಯತೆ ಉಂಟೋ? ಮಕ್ಕಳು ರೋಗಿಗಳ ಬಳಿ ಕೈಕೆಲಸ ಕಲಿಯುವ ಆಸ್ಪತ್ರೆ ಉಂಟೋ? ಈ ವೃತ್ತಿಗಳ ಶಿಕ್ಷಣಕ್ಕಾಗಿ 2021ರಲ್ಲಿ ದೇಶಕ್ಕೆಲ್ಲಾ ಒಂದು ಕಾಯಿದೆ ಬಂದಿದೆ. ಬರೀ ಕಾಗದಕ್ಕಾಗಿ ಹೊಲವನ್ನು ಒತ್ತೆಯಿಡಬೇಡಿರಿ. ಕೈಗೆ ಕೆಲಸ ಬಾರದ ಸರ್ಟಿಫಿಕೇಟು ಕ್ರಿಯೆಯಿಲ್ಲದ ನಂಬಿಕೆಯಂತೆ ಸತ್ತದ್ದು.

ಸಭೆಯ ಹಿರಿಯರೇ, ಸಮಾರ್ಯದವನು ಛತ್ರದವನ ಕೈಗೆ ಹಣವನ್ನು ಕೊಟ್ಟು, ಹೆಚ್ಚಾದರೆ ತಾನೇ ತೀರಿಸುವೆನೆಂದನಲ್ಲವೇ? ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ಒಬ್ಬ ಬಡ ಹುಡುಗಿಯ ಕಾಲೇಜು ಫೀಜಿಗೆ ಎತ್ತಿಡಿರಿ. ಅವಳು ಕಲಿತು ಹಿಂದಿರುಗಿದಾಗ ಊರೆಲ್ಲವೂ ಅದರ ಫಲವನ್ನು ಕಾಣುವದು.

ಪ್ರಾರ್ಥನೆ: ಕರ್ತನೇ, ನಮ್ಮ ಹೃದಯಕ್ಕೆ ಕನಿಕರವನ್ನೂ ನಮ್ಮ ಮಕ್ಕಳ ಕೈಗೆ ಅರಿವನ್ನೂ ದಯಪಾಲಿಸು. ದಾರಿಯಲ್ಲಿ ಬಿದ್ದವರನ್ನು ದಾಟಿಹೋಗದಂತೆ ನಮ್ಮ ಕಾಲುಗಳನ್ನು ನಿಲ್ಲಿಸು. ಆಮೆನ್.