ಗ್ಲಾನನ ಮಾತಿಗೆ ಪ್ರಮಾಣವೇನು?

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ಯವು ಆರು ಅಂತರಂಗ ತಪಗಳಲ್ಲಿ ಒಂದಾಗಿ ಎಣಿಸಲ್ಪಟ್ಟಿದೆ. ಆ ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನೂ, ಎಂದರೆ ರೋಗಪೀಡಿತ ಮುನಿಯೂ, ಸೇರಿದ್ದಾನೆ. ಶ್ರಾವಕರ ಮನೆಗಳಲ್ಲಿಯೂ ರೋಗಿಯ ಶುಶ್ರೂಷೆಯನ್ನು ಧರ್ಮವೆಂದೇ ತಿಳಿಯಲಾಗಿದೆ. ಜ್ವರವನ್ನು ಮೈ ಮುಟ್ಟಿ ತಿಳಿಯಬಹುದು, ಗಾಯವು ಕಣ್ಣಿಗೆ ಕಾಣುವುದು. ಆದರೆ ರೋಗಿಯ ಮಾತಿನ ಹೊರತು ಬೇರೆ ಕುರುಹೇ ದೊರೆಯದ ವ್ಯಾಧಿಯಲ್ಲಿ ಸೇವೆ ಮಾಡುವವನು ಯಾವುದನ್ನು ಪ್ರಮಾಣವೆಂದು ಹಿಡಿಯಬೇಕು?

ಇಂಗ್ಲೆಂಡಿನಲ್ಲಿ ನಡೆದ ಒಂದು ದೀರ್ಘ ವಿವಾದವು ಈ ಪ್ರಶ್ನೆಯನ್ನು ಬಿಡಿಸಿ ತೋರಿಸುತ್ತದೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ವ್ಯಾಧಿಯಲ್ಲಿ ದಣಿವು ವಿಶ್ರಾಂತಿಯಿಂದ ನೀಗುವುದಿಲ್ಲ. ಅಲ್ಪ ಶ್ರಮವಾದರೂ ಒಂದೆರಡು ದಿನ ತಡವಾಗಿ ದೇಹವು ಕುಸಿಯುತ್ತದೆ. ತೀವ್ರ ಪೀಡಿತರು ಹಾಸಿಗೆ ಬಿಟ್ಟು ಏಳಲಾರರು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಇಂಥದೊಂದು ವ್ಯಾಧಿಗೆ ತುತ್ತಾದರು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ದಾಖಲೆಗಳನ್ನು ಓದಿ ಅದನ್ನು ಸಾಮೂಹಿಕ ಉನ್ಮಾದವೆಂದು ಬರೆದರು. ಪೀಡಿತರಲ್ಲಿ ಸ್ತ್ರೀಯರೇ ಹೆಚ್ಚೆಂಬುದೂ ಅವರಿಗೊಂದು ಆಧಾರವಾಯಿತು!

ಮುಂದೆ, ರೋಗಿಯು ಶ್ರಮಕ್ಕೆ ಅಂಜಿ ಮಲಗುವುದರಿಂದಲೇ ದೇಹ ಬಲಗುಂದಿದೆ, ವ್ಯಾಯಾಮವನ್ನು ಕ್ರಮವಾಗಿ ಏರಿಸಿದರೆ ಗುಣವಾಗುವುದು ಎಂಬ ಮತ ಬೆಳೆಯಿತು. ಇದನ್ನು 641 ರೋಗಿಗಳಲ್ಲಿ ಪರೀಕ್ಷಿಸಿದ 'ಪೇಸ್' ಪ್ರಯೋಗದ ವರದಿ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ವ್ಯಾಯಾಮ ಚಿಕಿತ್ಸೆ ಪಡೆದವರಲ್ಲಿ ಶೇ. 22 ಮಂದಿ ಗುಣಮುಖರಾದರೆಂದು 2013ರಲ್ಲಿ ಸಾರಲಾಯಿತು. ವ್ಯಾಯಾಮದಿಂದ ತಮ್ಮ ಸ್ಥಿತಿ ಹದಗೆಟ್ಟಿತೆಂದು ಹೇಳುತ್ತಿದ್ದ ರೋಗಿಗಳು ಆ ಪ್ರಬಂಧಗಳನ್ನು ಸಾಲುಸಾಲಾಗಿ ಓದಿದರು. ನೂರು ಅಂಕಗಳ ದೇಹಶಕ್ತಿಯ ಮಾಪನದಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ರೋಗಿಗಳೆಂದು ಸೇರಿಸಿಕೊಂಡಿದ್ದರು. ಗುಣವಾಯಿತೆನ್ನಲು 85 ಬೇಕೆಂದು ಮೊದಲು ಗೊತ್ತುಮಾಡಿ, ಬಳಿಕ 60ಕ್ಕೆ ಇಳಿಸಿದ್ದರು. 65ರಲ್ಲಿ ಬಂದವನು 60ಕ್ಕೆ ಕುಸಿದರೂ ಈ ಮಾಪನದ ಮಟ್ಟಿಗೆ ಗುಣಮುಖನೇ!

ಆಸ್ಟ್ರೇಲಿಯಾದ ಒಬ್ಬ ರೋಗಿಯು 2014ರಲ್ಲಿ ಬ್ರಿಟನ್ನಿನ ಮಾಹಿತಿ ಹಕ್ಕಿನ ಕಾನೂನಿನಂತೆ ಮೂಲ ಅಂಕಿಗಳನ್ನು ಕೇಳಿದನು. ಪ್ರಯೋಗದಲ್ಲಿ ಭಾಗವಹಿಸಿದವರ ಗುರುತು ಬಯಲಾದೀತೆಂದು ವಿಶ್ವವಿದ್ಯಾಲಯ ಆಕ್ಷೇಪಿಸಿತು. ಆ ಭಯ ಕೇವಲ ನೆಪವೆನ್ನಲಾಗದು, ಆದರೆ ಅವನು ಕೇಳಿದ್ದು ಹೆಸರಿಲ್ಲದ ಅಂಕಿಗಳನ್ನು. 2016ರಲ್ಲಿ ನ್ಯಾಯಮಂಡಳಿಯು ವಿಶ್ವವಿದ್ಯಾಲಯದ ಮೇಲ್ಮನವಿಯನ್ನು ತಳ್ಳಿಹಾಕಿತು. ಮೊದಲಿನ ಅಳತೆಗೋಲಿನಂತೆ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದಾಗ ಶೇ. 22 ಎಂಬುದು ಶೇ. 4ಕ್ಕೆ ಇಳಿಯಿತು. ಸಾಮಾನ್ಯ ವೈದ್ಯೋಪಚಾರವಷ್ಟೇ ಪಡೆದವರಲ್ಲಿ ಅದು ಶೇ. 3. ಆ ಲೇಖಕರಲ್ಲಿ ರೋಗಿಗಳೂ ಇದ್ದರು. ಪ್ರಯೋಗ ನಡೆಸಿದವರು ತಮ್ಮ ತೀರ್ಮಾನವನ್ನು ಬಿಟ್ಟುಕೊಡಲಿಲ್ಲ. ಆದರೂ 2021ರಲ್ಲಿ ಬ್ರಿಟನ್ನಿನ 'ನೈಸ್' ಸಂಸ್ಥೆಯು ಈ ವ್ಯಾಯಾಮ ಚಿಕಿತ್ಸೆಯನ್ನು ನೀಡಬಾರದೆಂದು ಸೂಚಿಸಿತು.

ಅನೇಕಾಂತವೆಂದರೆ ಎಲ್ಲ ಮಾತೂ ಸಮವೆಂದಲ್ಲ. ವಸ್ತುವಿನ ಒಂದು ಧರ್ಮವನ್ನು ಹಿಡಿದು ಹೇಳುವುದು ನಯ, ಉಳಿದವನ್ನು ಅಲ್ಲಗಳೆದರೆ ಅದೇ ದುರ್ನಯ. ವೈದ್ಯನು ರೋಗವನ್ನು ಹೊರಗಿನಿಂದ ಅಳೆಯುವನು, ರೋಗಿಯು ಒಳಗಿನಿಂದ ಅರಿಯುವನು. ಅವನ ಅರಿವೇ ಭಯದ ಲಕ್ಷಣವೆಂದುಬಿಟ್ಟರೆ ಅವನು ಏನು ಹೇಳಿದರೂ ಅವನ ವಿರುದ್ಧವೇ ಸಾಕ್ಷಿಯಾಗುವುದು. ಅಂಥ ಮತಕ್ಕೆ ತನ್ನ ತಪ್ಪನ್ನು ಕಾಣುವ ದಾರಿಯೇ ಇರದು.

ರೋಗವು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದಲ್ಲವೇ, ಸಹಿಸದೆ ವಾದಕ್ಕೇಕೆ ಇಳಿಯಬೇಕು ಎಂದು ಕೆಲವರು ಕೇಳಬಹುದು. ಪರೀಷಹಜಯವು ಮುನಿಯು ತಾನೇ ಒಪ್ಪಿ ನಡೆಸುವ ಸಾಧನೆ. ಆರೋಗ್ಯವಂತನು ಅದನ್ನು ಹಾಸಿಗೆ ಹಿಡಿದವನಿಗೆ ಉಪದೇಶಿಸಿ ತನ್ನ ಕರ್ತವ್ಯದಿಂದ ಜಾರಿಕೊಳ್ಳಲಾಗದು.

ರೋಗಿಯ ನಂಬಿಕೆಯೂ ಪರೀಕ್ಷೆಗೆ ಹೊರತಲ್ಲ ಎಂಬುದು ನಿಜ. 2009ರಲ್ಲಿ ಎಕ್ಸ್‌ಎಂಆರ್‌ವಿ ಎಂಬ ವೈರಸ್ಸಿಗೂ ಈ ವ್ಯಾಧಿಗೂ ನಂಟಿದೆಯೆಂದು ಸೈನ್ಸ್ ಪತ್ರಿಕೆಯಲ್ಲಿ ಬಂದಾಗ ಅನೇಕ ರೋಗಿಗಳು ಹಿಗ್ಗಿದರು. ಕೆಲವರು ಎಚ್‌ಐವಿಗೆ ಕೊಡುವ ಔಷಧಗಳನ್ನೂ ಸೇವಿಸಿದರು. 2011ರಲ್ಲಿ ಆ ಪ್ರಬಂಧವನ್ನು ಹಿಂತೆಗೆಯಲಾಯಿತು. ಆ ನಂಟು ಇಲ್ಲವೆಂದು 2012ರಲ್ಲಿ ತೋರಿಸಿಕೊಟ್ಟ ಅಧ್ಯಯನಕ್ಕೆ ರಕ್ತ ಕೊಟ್ಟವರೂ ರೋಗಿಗಳೇ.

ಎಡಿನ್‌ಬರೋ ವಿಶ್ವವಿದ್ಯಾಲಯದ ನೇತೃತ್ವದ 'ಡಿಕೋಡ್‌ಎಂಇ' ಅಧ್ಯಯನವನ್ನು ರೂಪಿಸುವಾಗ ರೋಗಿಗಳನ್ನೂ ಜೊತೆಗೆ ಕೂರಿಸಿಕೊಳ್ಳಲಾಯಿತು. ಆಸ್ಪತ್ರೆಗೆ ಬರಲಾರದವರು ಹೊರಗುಳಿಯದಂತೆ ಜೊಲ್ಲಿನ ಮಾದರಿಯನ್ನು ಅಂಚೆಯಲ್ಲೇ ತರಿಸಿಕೊಂಡರು. ಹೀಗೆ ದೊರೆತ 15,579 ರೋಗಿಗಳ ಡಿಎನ್‌ಎಯನ್ನು ಇತರರದರೊಂದಿಗೆ ಹೋಲಿಸಿ, ವ್ಯಾಧಿಗೆ ನಂಟಿರುವ ಎಂಟು ತಾಣಗಳನ್ನು 2025ರ ಆಗಸ್ಟ್‌ನಲ್ಲಿ ಗುರುತಿಸಲಾಯಿತು. ಮಲಗಿದಲ್ಲಿಂದಲೇ ಒಂದು ಚಿಕ್ಕ ಕೊಳವೆಯನ್ನು ತುಂಬಿ ಕಳುಹಿಸಿದವರೂ ಆ ಎಣಿಕೆಯಲ್ಲಿದ್ದಾರೆ.