ಪೂರ್ತಿ ನೋಡಿದವರ ನಗು

ಅಮೆರಿಕದ ‘ದ ಫ್ಲಾಪ್ ಹೌಸ್’ ಪಾಡ್‌ಕಾಸ್ಟ್ 2007ರಿಂದ ಹೆಚ್ಚುಕಡಿಮೆ ಒಂದೇ ಕೆಲಸ ಮಾಡಿಕೊಂಡು ಬಂದಿದೆ. ಮೂವರು ಗೆಳೆಯರು ನೆಲಕಚ್ಚಿದ ಸಿನಿಮಾವೊಂದನ್ನು ನೋಡಿ, ಆಮೇಲೆ ಮೈಕಿನ ಮುಂದೆ ಕೂತು ಅದರ ಬಗ್ಗೆ ಹರಟುತ್ತಾರೆ. ಕೊನೆಗೆ ತೀರ್ಪು. ಅದಕ್ಕೆ ಮೂರೇ ಖಾನೆ: ಒಳ್ಳೆಯ ಕೆಟ್ಟ ಸಿನಿಮಾ, ಕೆಟ್ಟ ಕೆಟ್ಟ ಸಿನಿಮಾ, ಅಥವಾ ಅಷ್ಟಿಷ್ಟು ಇಷ್ಟವೇ ಆಗಿಬಿಟ್ಟ ಸಿನಿಮಾ. ಕೊನೆಯ ಎರಡರಲ್ಲಿ ತೊಡಕೇನಿಲ್ಲ. ತೊಡಕಿರುವುದು ಮೊದಲನೆಯದರಲ್ಲಿ. ಕೆಟ್ಟದ್ದೆಂದು ಒಪ್ಪಿಕೊಂಡ ಮೇಲೂ ಅದನ್ನು ಆಸೆಪಟ್ಟು ನೋಡುವುದು, ಗೆಳೆಯರನ್ನು ಕರೆದು ತೋರಿಸುವುದು, ವರ್ಷಗಟ್ಟಲೆ ಅದರ ಬಗ್ಗೆ ಮಾತಾಡುವುದು ಎಂಥ ಸುಖ? ಅದು ಪ್ರೀತಿಯೋ, ಪ್ರೀತಿಯ ವೇಷ ತೊಟ್ಟ ಕುಹಕವೋ?

ಸಿದ್ಧ ಉತ್ತರಗಳು ಎರಡಿವೆ. ಒಂದು, ಇದು ಮೇಲರಿಮೆಯ ನಗು: ಕಾಲುಜಾರಿ ಬಿದ್ದವನನ್ನು ನೋಡಿ ‘ಸದ್ಯ, ನಾನಲ್ಲ’ ಎಂದು ಹಿಗ್ಗುವುದು. ಇದು ನಿಜವಾಗಿದ್ದರೆ ಒಂದು ಸಲ ನೋಡಿದರೆ ಸಾಕಾಗಬೇಕಿತ್ತು. ಒಂದೇ ಬೀಳುವಿಕೆಯನ್ನು ಮೂವತ್ತು ಸಲ ನೋಡಿ ಯಾರೂ ಹಿಗ್ಗುವುದಿಲ್ಲ. ಇನ್ನೊಂದು ಉತ್ತರ ಸೂಸನ್ ಸಾಂಟ್ಯಾಗ್ 1964ರಲ್ಲಿ ‘ಕ್ಯಾಂಪ್’ ಅಭಿರುಚಿಯ ಬಗ್ಗೆ ಬರೆದ ಪ್ರಬಂಧದಿಂದ ಬಂದದ್ದು. ಗಂಭೀರವಾಗಿ ಹೊರಟು ಸೋತ ಕೃತಿಯಲ್ಲೇ ಈ ರುಚಿಯ ಶುದ್ಧ ರೂಪವಿದೆ, ಬೇಕೆಂದೇ ಕೆಡಿಸಿದ್ದರಲ್ಲಿ ಅಷ್ಟು ತೃಪ್ತಿಯಿಲ್ಲ ಎಂಬ ವಾದ. ಇದನ್ನೇ ಈಗಿನ ಅಭಿಮಾನಿಗಳು ‘ಪ್ರಾಮಾಣಿಕತೆ’ ಎಂದು ಚುಟುಕಾಗಿ ಹೇಳುತ್ತಾರೆ. ಆದರೆ ಪ್ರಾಮಾಣಿಕವಾಗಿ ಸೋತ ಸಿನಿಮಾಗಳಲ್ಲಿ ಬಹುಪಾಲು ಬರೀ ಬೇಸರ ತರಿಸುತ್ತವೆ. ಕೆಟ್ಟ ಕೆಟ್ಟ ಸಿನಿಮಾದ ಖಾನೆ ಪ್ರಾಮಾಣಿಕರಿಂದಲೇ ತುಂಬಿ ತುಳುಕುತ್ತಿದೆ. ಹಾಗಾಗಿ ಪ್ರಾಮಾಣಿಕತೆ ಇರಬೇಕಾದದ್ದು ಹೌದು, ಅಷ್ಟೇ ಸಾಲದು.

ಇನ್ನೇನು ಬೇಕು ಎಂಬುದಕ್ಕೆ ಈ ಲೋಕದಲ್ಲೇ ಅತಿ ಹೆಚ್ಚು ಹೆಸರಾದ ‘ದ ರೂಮ್’ ಸಿನಿಮಾದ ಒಂದು ದೃಶ್ಯವನ್ನು ನಿಧಾನವಾಗಿ ನೋಡಬೇಕು. 2003ರ ಈ ಚಿತ್ರದ ಕತೆ, ನಿರ್ದೇಶನ, ನಿರ್ಮಾಣ, ನಾಯಕನ ಪಾತ್ರ ಎಲ್ಲವೂ ಟಾಮಿ ವೈಸೋ ಅವರದೇ. ಖರ್ಚು 60 ಲಕ್ಷ ಡಾಲರ್ ಎನ್ನುತ್ತಾರೆ. ದೃಶ್ಯ ಹೂವಿನ ಅಂಗಡಿಯದು. ನಾಯಕ ಜಾನಿ ತಂಪು ಕನ್ನಡಕ ಹಾಕಿಕೊಂಡು ಒಳಗೆ ಬಂದು ಒಂದು ಡಜನ್ ಕೆಂಪು ಗುಲಾಬಿ ಕೇಳುತ್ತಾನೆ. ಅಂಗಡಿಯಾಕೆ, ಅಯ್ಯೋ ನೀವಾ, ಗೊತ್ತೇ ಆಗಲಿಲ್ಲ ಎನ್ನುತ್ತಾಳೆ. ಹೌದು, ನಾನೇ ಎಂದು ಅವನು ಖಾತ್ರಿಪಡಿಸುತ್ತಾನೆ. ಬೆಲೆ 18 ಡಾಲರ್. ಚಿಲ್ಲರೆ ಇಟ್ಟುಕೊಳ್ಳಿ ಎಂದು ದುಡ್ಡು ಕೊಟ್ಟು, ಗಲ್ಲಾದ ಮೇಲೆ ಕೂತ ನಾಯಿಯನ್ನು ಮಾತಾಡಿಸುತ್ತಾನೆ. ನನ್ನ ಅಚ್ಚುಮೆಚ್ಚಿನ ಗಿರಾಕಿ ನೀವು ಎಂದು ಆಕೆ ಹೇಳುವ ಹೊತ್ತಿಗೆ ಅವನು ಬಾಗಿಲ ಕಡೆ ಹೊರಟಾಗಿದೆ. ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ.

ಈ ತುಣುಕನ್ನಷ್ಟೇ ನೋಡಿದವರಿಗೂ ನಗು ಬಂದೇ ಬರುತ್ತದೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಉತ್ತರ ಬಂದುಬಿಡುತ್ತದೆ. ಗುರುತೇ ಸಿಗದ ಗಿರಾಕಿ ಅರ್ಧ ನಿಮಿಷದಲ್ಲಿ ಅಚ್ಚುಮೆಚ್ಚಿನವನಾಗುತ್ತಾನೆ. ಸಹಜ ಮಾತುಕತೆಗೆ ಬೇಕಾದ ಸಾಮಾನೆಲ್ಲ ಇದೆ, ಜೋಡಣೆ ಮಾತ್ರ ತಪ್ಪಿದೆ. ಆದರೆ 99 ನಿಮಿಷದ ಸಿನಿಮಾವನ್ನು ಕೊನೆತನಕ ನೋಡಿದವರಿಗೆ ಇದೇ ದೃಶ್ಯ ಬೇರೆಯಾಗಿ ಕಾಣುತ್ತದೆ. ಈ ಚಿತ್ರದಲ್ಲಿ ಜಾನಿಯನ್ನು ಎಲ್ಲರೂ ಹೊಗಳುತ್ತಾರೆ. ಅವನು ಕೈಹಿಡಿದು ಓದಿಸುವ ಹುಡುಗ ಹೊಗಳುತ್ತಾನೆ, ಮಗಳನ್ನು ಅವನಿಗೇ ಕೊಡಬೇಕೆನ್ನುವ ಅತ್ತೆ ಹೊಗಳುತ್ತಾಳೆ. ಅವನಿಗೆ ಮೋಸ ಮಾಡುವವರು ಇಬ್ಬರೇ: ಮದುವೆಯಾಗಬೇಕಾದ ಹುಡುಗಿ ಮತ್ತು ಜೀವದ ಗೆಳೆಯ. ಕೊನೆಗೆ ಜಾನಿ ಗುಂಡು ಹಾರಿಸಿಕೊಂಡು ಸಾಯುತ್ತಾನೆ, ಮೋಸ ಮಾಡಿದವರೇ ಹೆಣದ ಪಕ್ಕ ಕೂತು ಅಳುತ್ತಾರೆ. ಅಲ್ಲಿಂದ ತಿರುಗಿ ನೋಡಿದರೆ ಹೂವಿನ ಅಂಗಡಿಗೆ ಆ ಚಿತ್ರದಲ್ಲಿ ಏನು ಕೆಲಸವೆಂದು ಹೊಳೆಯುತ್ತದೆ. ತನ್ನನ್ನು ಊರೆಲ್ಲ ಪ್ರೀತಿಸಬೇಕು, ಅಂಗಡಿಯಾಕೆಯ ತನಕ ಎಲ್ಲರೂ ಮೆಚ್ಚಬೇಕು ಎಂಬ ಹಂಬಲವೇ ಆ ದೃಶ್ಯವನ್ನು ಬರೆಸಿದೆ. ತುಣುಕಿನಲ್ಲಿ ಕಂಡದ್ದು ಕೆಟ್ಟ ನಟನೆ. ಪೂರ್ತಿ ಚಿತ್ರದಲ್ಲಿ ಕಾಣುವುದು ಮುಚ್ಚಿಡಲು ಬಾರದ ಒಬ್ಬ ಮನುಷ್ಯನ ಆಸೆ.

ನುರಿತ ನಿರ್ದೇಶಕನಿಗೂ ಇಂಥ ಆಸೆಗಳಿರುತ್ತವೆ, ಆದರೆ ಕಸುಬು ಅವನ್ನು ಮುಚ್ಚುತ್ತದೆ. ಚೆನ್ನಾಗಿ ಕಟ್ಟಿದ ದೃಶ್ಯ ಹೀಗಲ್ಲದೆ ಇನ್ಹೇಗೂ ಇರಲಾರದು ಎನ್ನಿಸುತ್ತದೆ, ಅದರ ಹಿಂದೆ ಯಾರೋ ಕೂತು ತೀರ್ಮಾನ ಮಾಡಿದ್ದಾರೆಂಬುದು ನೆನಪಿಗೇ ಬರುವುದಿಲ್ಲ. ಕಸುಬು ಕೈಕೊಟ್ಟಲ್ಲಿ ತೀರ್ಮಾನಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಎಡ್ ವುಡ್‌ರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರದಲ್ಲಿ ನಟ ಬೇಲಾ ಲುಗೋಸಿ ಅಲ್ಲಲ್ಲಿ ಕಾಣುತ್ತಾರೆ. 1956ರಲ್ಲಿ ಅವರು ತೀರಿಕೊಂಡಿದ್ದರು, ವುಡ್ ಬಳಿ ಉಳಿದಿದ್ದದ್ದು ಮೊದಲು ತೆಗೆದಿಟ್ಟುಕೊಂಡಿದ್ದ ಕೆಲವೇ ಶಾಟ್‌ಗಳು. ಮಿಕ್ಕ ಕಡೆ ವುಡ್ ತಮ್ಮ ಹೆಂಡತಿಗೆ ಬೆನ್ನುಮೂಳೆಯ ಚಿಕಿತ್ಸೆ ಕೊಡುತ್ತಿದ್ದವರನ್ನು ತಂದು ನಿಲ್ಲಿಸಿದರು. ಹೋಲಿಕೆ ಒಂದಿಷ್ಟೂ ಇಲ್ಲದ ಆ ಮನುಷ್ಯ ಮೇಲಂಗಿಯನ್ನು ಮುಖಕ್ಕೆ ಅಡ್ಡ ಹಿಡಿದೇ ಓಡಾಡುತ್ತಾನೆ. ನೋಡುವವರಿಗೆ ಅಲ್ಲಿ ಕಾಣುವುದು ಪಾತ್ರವಲ್ಲ, ಕೈಯಲ್ಲಿ ಕಾಸಿಲ್ಲದ ನಿರ್ದೇಶಕ ಮತ್ತು ಅವನು ಕಂಡುಕೊಂಡ ಉಪಾಯ. ಒಳ್ಳೆಯ ಕೆಟ್ಟ ಸಿನಿಮಾ ಕೊಡುವ ಸುಖ ಇದು: ಕೃತಿಯ ಹಿಂದಿರುವವನು ಕೃತಿಯೊಳಗೇ ಸಿಕ್ಕಿಬೀಳುತ್ತಾನೆ.

ಈ ನಗುವಿಗೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಸಾವಿರ ವರ್ಷಗಳಿಂದ ಜಾಗವಿದೆ. ಔಚಿತ್ಯ ತಪ್ಪಿದ ರಸವನ್ನು ಅಲ್ಲಿ ರಸಾಭಾಸ ಎಂದರು, ಯಾವ ರಸ ಹೀಗೆ ಕೆಟ್ಟರೂ ಅದು ಹಾಸ್ಯಕ್ಕೆ ದಾರಿ ಎಂದು ಅಭಿನವಗುಪ್ತ ವಿವರಿಸಿದ. ಅವನು ಎತ್ತಿಕೊಂಡ ಉದಾಹರಣೆ ಸೀತೆಯ ಮೇಲೆ ರಾವಣನಿಗಿದ್ದ ಮೋಹ. ಧ್ವನ್ಯಾಲೋಕಕ್ಕೆ ಬರೆದ ‘ಲೋಚನ’ದಲ್ಲಿ ಅವನು ಸೂಕ್ಷ್ಮವಾದ ಮಾತೊಂದನ್ನು ಸೇರಿಸುತ್ತಾನೆ. ರಾವಣನ ಪ್ರೇಮದ ಮಾತು ಕೇಳುವ ಹೊತ್ತಿಗೆ ಸಹೃದಯ ಸವಿಯುವುದು ಶೃಂಗಾರವನ್ನೇ. ಒಲ್ಲದವಳ ಮೇಲಿನ ಒಮ್ಮುಖದ ಹಂಬಲವಿದು ಎಂಬ ವಿವೇಕ ಮೂಡುವುದು ಆಮೇಲೆ, ನಗು ಬರುವುದೂ ಆಗಲೇ. ಅಂದರೆ ನಗುವಿಗೆ ಮೊದಲು ಒಂದು ಮೆಟ್ಟಿಲಿದೆ, ಕೃತಿಯೊಳಗೆ ಹೊಕ್ಕು ಅದರ ಭಾವಕ್ಕೆ ಒಂದಿಷ್ಟು ಹೊತ್ತು ಮನಸ್ಸು ಕೊಡುವ ಮೆಟ್ಟಿಲು. ಅದನ್ನು ಹತ್ತದವನಿಗೆ ಆಭಾಸವೂ ಕಾಣುವುದಿಲ್ಲ. ಒಂದು ವ್ಯತ್ಯಾಸವಿದೆ, ಒಪ್ಪಬೇಕು. ರಾವಣನ ಮೋಹವನ್ನು ಕಟ್ಟಿದ ಕವಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿತ್ತು. ‘ದ ರೂಮ್’ನಂಥ ಕಡೆ ಕವಿಯೇ ರಾವಣನಾಗಿದ್ದಾನೆ. ಆದರೂ ಮೊದಲು ಸವಿ, ಆಮೇಲೆ ನಗು ಎಂಬ ಕ್ರಮ ಬದಲಾಗುವುದಿಲ್ಲ.

ನನ್ನ ವಾದ ಇಷ್ಟು. ಕುಹಕಕ್ಕೂ ಪ್ರೀತಿಗೂ ಇರುವ ವ್ಯತ್ಯಾಸವನ್ನು ನಗುವಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಎರಡೂ ಕಡೆ ನಗು ಒಂದೇ ಥರ ಕೇಳಿಸುತ್ತದೆ. ನಕ್ಕವನು ಪೂರ್ತಿ ನೋಡಿದನೇ ಎಂದು ಕೇಳಬೇಕು.

ಕೆಟ್ಟ ಸಿನಿಮಾ ನೋಡಿ ನಗುವ ಪರಂಪರೆಯ ಒಳ್ಳೆಯ ಮಾದರಿಗಳೆಲ್ಲ ಈ ನಿಯಮವನ್ನು ಹೇಳದೆಯೇ ಪಾಲಿಸಿವೆ. 1988ರಲ್ಲಿ ಮಿನಿಯಾಪೊಲಿಸ್‌ನ ಒಂದು ಸ್ಥಳೀಯ ಟೀವಿ ವಾಹಿನಿಯಲ್ಲಿ ಜೋಯೆಲ್ ಹಾಡ್ಜ್‌ಸನ್ ಶುರುಮಾಡಿದ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ನೋಡಿ. ಒಬ್ಬ ಮನುಷ್ಯ, ಎರಡು ರೋಬಾಟ್ ಬೊಂಬೆಗಳು ಪರದೆಯ ಕೆಳಗಡೆ ನೆರಳಾಗಿ ಕೂತು, ಓಡುತ್ತಿರುವ ಸಿನಿಮಾಕ್ಕೆ ಕೀಟಲೆಯ ಮಾತು ಸೇರಿಸುತ್ತಾರೆ. ಸಿನಿಮಾ ಹೆಚ್ಚುಕಡಿಮೆ ಇಡಿಯಾಗಿ ಓಡುತ್ತದೆ, ಅವರು ಎದ್ದು ಹೋಗುವಂತಿಲ್ಲ. ಎಲ್ ಪಾಸೊ ಊರಿನ ಗೊಬ್ಬರದ ವ್ಯಾಪಾರಿ ಹೆರಾಲ್ಡ್ ವಾರೆನ್ 1966ರಲ್ಲಿ ತೆಗೆದ ‘ಮ್ಯಾನೋಸ್: ದ ಹ್ಯಾಂಡ್ಸ್ ಆಫ್ ಫೇಟ್’ ಚಿತ್ರವನ್ನು ಮರೆವಿನಿಂದ ಎತ್ತಿದ್ದು 1993ರಲ್ಲಿ ಇದೇ ಕಾರ್ಯಕ್ರಮ. ವಾರೆನ್ ಬಳಿ ಇದ್ದ ಕ್ಯಾಮೆರಾ ಒಮ್ಮೆಗೆ 32 ಸೆಕೆಂಡು ಮಾತ್ರ ಓಡುತ್ತಿತ್ತು, ಮಾತನ್ನೆಲ್ಲ ಆಮೇಲೆ ಬೆರಳೆಣಿಕೆಯ ಜನ ಸೇರಿ ಡಬ್ ಮಾಡಿದರು. ಪೂರ್ತಿ ನೋಡಿ ನಕ್ಕವರಿಂದಾಗಿಯೇ ಆ ಚಿತ್ರ ಇವತ್ತು ಉಳಿದುಕೊಂಡಿದೆ.

2010ರ ಕೊನೆಗೆ ಶುರುವಾದ ‘ಹೌ ಡಿಡ್ ದಿಸ್ ಗೆಟ್ ಮೇಡ್?’ ಪಾಡ್‌ಕಾಸ್ಟ್‌ನಲ್ಲಿ ಇನ್ನೊಂದು ಚೆಂದದ ಪದ್ಧತಿಯಿದೆ. ಪಾಲ್ ಶಿಯರ್, ಜೂನ್ ಡಯೇನ್ ರಾಫೆಲ್, ಜೇಸನ್ ಮ್ಯಾಂಟ್ಸೂಕಸ್ ಮೂವರೂ ಸಿನಿಮಾವನ್ನು ಜಾಲಾಡಿದ ಮೇಲೆ, ಅದೇ ಸಿನಿಮಾಕ್ಕೆ ಅಮೆಜಾನ್‌ನಲ್ಲಿ ಐದು ನಕ್ಷತ್ರ ಕೊಟ್ಟವರ ಮಾತುಗಳನ್ನು ಓದಿ ಹೇಳುತ್ತಾರೆ. ಅಲ್ಲೂ ನಗು ಇದೆ, ಸಂಶಯವಿಲ್ಲ. ಆದರೂ ಇದನ್ನು ಮನಸಾರೆ ಮೆಚ್ಚಿದವರೊಬ್ಬರಿದ್ದಾರೆ ಎಂಬ ಸಾಕ್ಷ್ಯ ದಾಖಲಾಗುತ್ತದೆ. ‘ಫ್ಲಾಪ್ ಹೌಸ್’ನ ಮೂರನೆಯ ಖಾನೆಯ ಬೆಲೆಯೂ ಇದೇ. ನಗಲೆಂದೇ ಕೂತವರಿಗೆ ಸಿನಿಮಾ ಇಷ್ಟವಾಗಿಬಿಡುವ ಅವಕಾಶ ಕೊನೆತನಕ ತೆರೆದಿರುತ್ತದೆ. ಕುಹಕಿಗೆ ಅಂಥ ಅಪಾಯವಿಲ್ಲ, ಅವನ ತೀರ್ಪು ನೋಡುವ ಮೊದಲೇ ಆಗಿರುತ್ತದೆ.

ಪೂರ್ತಿ ನೋಡುವ ನಿಯಮ ಸಿನಿಮಾಕ್ಕಷ್ಟೇ ಅಲ್ಲ, ಟೀವಿಗೂ ಸಲ್ಲುತ್ತದೆ. ಅಲ್ಲಿ ವಿಚಿತ್ರ ಕಾರ್ಯಕ್ರಮಗಳ ತವರು ಅಮೆರಿಕದ ‘ಪಬ್ಲಿಕ್ ಆಕ್ಸೆಸ್’ ಟೀವಿ. ಅದು ಹುಟ್ಟಿದ್ದು ಹಾಸ್ಯಕ್ಕಲ್ಲ, ಪ್ರಜಾಪ್ರಭುತ್ವದ ಒಂದು ಲೆಕ್ಕಾಚಾರಕ್ಕೆ. ದೊಡ್ಡ ನಗರಗಳ ಕೇಬಲ್ ಕಂಪನಿಗಳು ಒಂದು ವಾಹಿನಿಯನ್ನು ಸಾರ್ವಜನಿಕರಿಗೆ ಬಿಡಬೇಕು, ಮೊದಲು ಬಂದವರಿಗೆ ಮೊದಲ ಅವಕಾಶ ಕೊಡಬೇಕು ಎಂದು ಅಲ್ಲಿನ ಸಂಪರ್ಕ ಆಯೋಗ 1972ರಲ್ಲಿ ನಿಯಮ ಮಾಡಿತು. 1979ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. 1984ರ ಕಾನೂನು ಇಂಥ ವಾಹಿನಿಗಳನ್ನು ಕೇಳುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟಿತು. ಜನರಿಗೆ ಟೀವಿ ಕೊಟ್ಟರೆ ನಗರಸಭೆಯ ಚರ್ಚೆ, ನೆರೆಹೊರೆಯ ಸಮಸ್ಯೆ ಬರುತ್ತವೆ ಎಂಬ ನಿರೀಕ್ಷೆಯಿತ್ತು. ಅವು ಬಂದವು. ಅವುಗಳ ಬೆನ್ನಿಗೇ ಹಾಡಲು ಬಾರದ ಹಾಡುಗಾರರು, ಬೊಂಬೆಯೊಂದಿಗೆ ವಾದಿಸುವವರು, ತಮ್ಮದೇ ಧರ್ಮ ಸ್ಥಾಪಿಸಿದವರು ಕೂಡ ಬಂದರು.

ಲಾಸ್ ಏಂಜಲೀಸ್‌ನ ಕಲಾವಿದ ಜಾನ್ ಕಿಲ್ಡಫ್ ಇಂಥದೊಂದು ವಾಹಿನಿಯಲ್ಲಿ ನಡೆಸುತ್ತಿದ್ದ ‘ಲೆಟ್ಸ್ ಪೇಂಟ್ ಟೀವಿ’ಯಲ್ಲಿ ಅವರು ಸೂಟು ತೊಟ್ಟು ಟ್ರೆಡ್‌ಮಿಲ್ ಮೇಲೆ ಓಡುತ್ತ ಚಿತ್ರ ಬರೆಯುತ್ತಿದ್ದರು, ಜೊತೆಗೆ ಅಡುಗೆಯನ್ನೋ ಮಿಕ್ಸಿಯಲ್ಲಿ ಜ್ಯೂಸನ್ನೋ ಮಾಡುತ್ತಿದ್ದರು, ನಡುವೆ ವೀಕ್ಷಕರ ಫೋನಿಗೂ ಉತ್ತರ ಕೊಡುತ್ತಿದ್ದರು. ಫೋನ್ ಮಾಡಿದವರಲ್ಲಿ ಬೈಗುಳಕ್ಕೆಂದೇ ಮಾಡಿದವರೂ ಇದ್ದರು. ಕಿಲ್ಡಫ್ ಏದುಸಿರು ಬಿಡುತ್ತಲೇ ಅವರನ್ನೂ ಮಾತಾಡಿಸಿ ಕುಂಚ ಆಡಿಸುತ್ತಿದ್ದರು. ಇದು ಕೆಟ್ಟ ಟೀವಿಯೋ ಪ್ರದರ್ಶನ ಕಲೆಯೋ ಎಂದು ಒಂದು ನಿಮಿಷದಲ್ಲಿ ಹೇಳಲಾಗದು. ಜೊತೆಗೆ ಕೂತು ನೋಡಿದಷ್ಟೂ, ಒಂದೇ ಸಲ ಹತ್ತು ಕೆಲಸ ಮಾಡಿ ಹತ್ತನ್ನೂ ಅರೆಬರೆ ಮಾಡುವ ನಮ್ಮೆಲ್ಲರ ದಿನಚರಿಯನ್ನು ಆತ ತಿಳಿದೇ ಆಡಿತೋರಿಸುತ್ತಿದ್ದಾರೆ ಎಂದು ಅನ್ನಿಸತೊಡಗುತ್ತದೆ. ಬೈದು ಫೋನಿಟ್ಟವರಿಗೆ ಅದು ಹೊಳೆಯುವ ಸಂಭವವಿರಲಿಲ್ಲ.

ಇಲ್ಲಿ ಆಕ್ಷೇಪಗಳು ಏಳಬೇಕು. ಬೇಕೆಂದೇ ಕೆಟ್ಟದಾಗಿ ತೆಗೆದ ಸಿನಿಮಾಗಳ ಗತಿಯೇನು? 2013ರ ‘ಶಾರ್ಕ್‌ನೇಡೊ’ದಲ್ಲಿ ಸುಂಟರಗಾಳಿ ಶಾರ್ಕ್‌ಗಳನ್ನು ಹೊತ್ತು ತಂದು ಊರ ಮೇಲೆ ಸುರಿಯುತ್ತದೆ, ತೆಗೆದವರೇ ನಮಗಿಂತ ಮೊದಲು ನಕ್ಕಿದ್ದಾರೆ. ಅದರಲ್ಲಿ ತಮಾಷೆಯಿದೆ, ಆದರೆ ಸಿಕ್ಕಿಬೀಳಲು ಯಾರೂ ಇಲ್ಲ. ಹೆಸರು ಕೇಳಿದ ಕೂಡಲೇ ಬರುವ ನಗುವಿಗಿಂತ ಹೆಚ್ಚಿನದು ಪೂರ್ತಿ ನೋಡಿದರೂ ಸಿಗುವುದಿಲ್ಲ. ಎರಡನೆಯ ಆಕ್ಷೇಪ: ಮೇರುಕೃತಿಗಳನ್ನು ಬಿಟ್ಟು ಕೆಟ್ಟ ಸಿನಿಮಾಗಳಿಗೆ ಹೊತ್ತು ಕೊಡಬೇಕೇ? ಕೃತಿಯ ಪ್ರತಿ ಚೌಕಟ್ಟನ್ನೂ ಇದೇಕೆ ಹೀಗಿದೆ ಎಂದು ಕೇಳುತ್ತ ನೋಡುವ ಅಭ್ಯಾಸ ಮೇರುಕೃತಿಯ ಮುಂದೆ ಕೂತಾಗಲೂ ಕೈಬಿಡುವುದಿಲ್ಲ. ಎಡವಿದ ಸಂಭಾಷಣೆಯನ್ನು ಬಿಡಿಸಿ ನೋಡಿದವನಿಗೆ ಎಡವದ ಸಂಭಾಷಣೆಯ ಹಿಂದಿನ ದುಡಿಮೆ ಗೊತ್ತಾಗುತ್ತದೆ.

ಇವೆರಡಕ್ಕಿಂತ ಕಷ್ಟದ್ದು ಮೂರನೆಯ ಆಕ್ಷೇಪ: ತೆಗೆದವನ ನೋವು. ಇಟಲಿಯ ಕ್ಲಾಡಿಯೊ ಫ್ರಗಾಸೊ ಅಮೆರಿಕದ ಯೂಟಾಗೆ ಹೋಗಿ ತೆಗೆದ ‘ಟ್ರಾಲ್ 2’ 1990ರಲ್ಲಿ ಬಂತು. ಹೆಸರಿನಲ್ಲಿರುವ ರಾಕ್ಷಸ ಸಿನಿಮಾದಲ್ಲೇ ಇಲ್ಲ. ಅದರಲ್ಲಿ ಬಾಲನಟನಾಗಿದ್ದ ಮೈಕಲ್ ಸ್ಟೀಫನ್‌ಸನ್ 2009ರಲ್ಲಿ ಅದರ ಅಭಿಮಾನಿಗಳ ಬಗ್ಗೆ ‘ಬೆಸ್ಟ್ ವರ್ಸ್ಟ್ ಮೂವಿ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರಲ್ಲಿ ಫ್ರಗಾಸೊ ತುಂಬಿದ ಚಿತ್ರಮಂದಿರಕ್ಕೆ ಬರುತ್ತಾರೆ. ಜನ ಕಿಕ್ಕಿರಿದಿರುವುದು ಕಂಡು ಹಿಗ್ಗುತ್ತಾರೆ, ತಾವು ನಗಿಸಲು ಹೊರಡದ ಕಡೆಯೂ ಅವರು ನಗುವುದು ಕೇಳಿ ಮುಖ ಗಂಟಿಕ್ಕುತ್ತಾರೆ. ಟಾಮಿ ವೈಸೋ ತಮ್ಮ ಚಿತ್ರ ಮೊದಲಿನಿಂದಲೂ ಹಾಸ್ಯವೇ ಎಂಬಂತೆ ಮಾತು ಬದಲಿಸಿ, ಮಧ್ಯರಾತ್ರಿಯ ಪ್ರದರ್ಶನಗಳಲ್ಲಿ ಪ್ಲಾಸ್ಟಿಕ್ ಚಮಚ ಎಸೆಯುವ ಅಭಿಮಾನಿಗಳ ನಡುವೆ ನಿಂತರು. ಫ್ರಗಾಸೊಗೆ ಆ ಜಾಣತನ ಬೇಕಾಗಲಿಲ್ಲ. ಅಲ್ಲಿದ್ದವರು ಆ ಚಿತ್ರವನ್ನು ಎಷ್ಟು ಸಲ ಪೂರ್ತಿ ನೋಡಿದ್ದರೂ ಫ್ರಗಾಸೊ ಅವರ ಸಿಟ್ಟು ಅನ್ಯಾಯದ್ದೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ಪೂರ್ತಿ ನೋಡುವುದು ನಕ್ಕವನನ್ನು ನಿರ್ದೋಷಿಯಾಗಿಸುವುದಿಲ್ಲ. ಅವನನ್ನು ಉತ್ತರ ಕೊಡಬಲ್ಲವನನ್ನಾಗಿ ಮಾಡುತ್ತದೆ, ಅಷ್ಟೆ. ಫ್ರಗಾಸೊ ಎದುರು ನಿಂತು ‘ಯಾಕೆ ನಕ್ಕಿರಿ’ ಎಂದು ಕೇಳಿದರೆ ಆ ಚಿತ್ರಮಂದಿರದಲ್ಲಿದ್ದವರಿಗೆ ದೃಶ್ಯ ಗೊತ್ತು, ಅದರ ಹಿಂದುಮುಂದು ಗೊತ್ತು. ಅವರೊಂದಿಗೆ ಜಗಳವಾಡಬಹುದು, ಒಪ್ಪಿಸಲೂಬಹುದು. ನಮ್ಮ ಫೋನುಗಳಲ್ಲಿ ಬೆಳಗಾಗೆದ್ದರೆ ಹರಿದಾಡುವ ಕನ್ನಡದ ಟ್ರೋಲ್ ತುಣುಕುಗಳನ್ನು ಈ ಮಾತಿನ ಪಕ್ಕ ಇಟ್ಟು ನೋಡಿ. ಯಾರದೋ ಸಂದರ್ಶನದ, ಸಿನಿಮಾದ, ಭಾಷಣದ ಹದಿನೈದು ಸೆಕೆಂಡು ಕತ್ತರಿಸಿ, ಮೇಲೊಂದು ಡೈಲಾಗ್ ಅಂಟಿಸಿ ಹಂಚಿದವನನ್ನು ಆ ಮನುಷ್ಯ ಎದುರಿಗೆ ಬಂದು ಕೇಳಿದರೆ ಏನು ಹೇಳಿಯಾನು? ಹದಿನಾರನೆಯ ಸೆಕೆಂಡಿನಲ್ಲಿ ಏನಿತ್ತೆಂಬುದೇ ಅವನಿಗೆ ಗೊತ್ತಿಲ್ಲ. ಇನ್ನೊಬ್ಬರ ಸೋಲಿಗೆ ನಗುವುದನ್ನು ಮನುಷ್ಯರು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಸೋತವರು ಎದ್ದುನಿಂತು ಪ್ರಶ್ನೆ ಕೇಳಿದಾಗ ಮಾತಾಡುವಷ್ಟಾದರೂ ಆ ಸೋಲನ್ನು ತಿಳಿದುಕೊಂಡು ನಗಬೇಕು.