ಗುರುವಿಲ್ಲದ ವಿದ್ಯೆ: ಸೋನಾಬಾಯಿಯ ಮಣ್ಣಿನ ಗೋಡೆಗಳು

ಗುರುವಿಲ್ಲದೆ ವಿದ್ಯೆ ಬರುತ್ತದೆಯೇ ಎಂಬುದು ಭಾರತದ ದರ್ಶನ, ಕಾವ್ಯಮೀಮಾಂಸೆಗಳೆರಡನ್ನೂ ಕಾಡಿದ ಪ್ರಶ್ನೆ. ಮಂತ್ರ, ಸಂಗೀತ, ಶಿಲ್ಪಗಳ ವಿಷಯದಲ್ಲಿ ಪರಂಪರೆಯ ಉತ್ತರ ಬಹುಮಟ್ಟಿಗೆ ‘ಇಲ್ಲ’ ಎಂದೇ. ವೀರಶೈವರ ಅಷ್ಟಾವರಣಗಳಲ್ಲಿ ಗುರುವಿಗೇ ಮೊದಲ ಸ್ಥಾನ. ಆದರೆ ಜೈನರು ಬೇರೆ ದಾರಿಗೂ ಲೆಕ್ಕ ಇಟ್ಟರು: ತಾವಾಗಿಯೇ ಎಚ್ಚೆತ್ತವರು ಸ್ವಯಂಬುದ್ಧರು, ಹೊರಗಿನ ಯಾವುದೋ ನಿಮಿತ್ತವನ್ನು ಕಂಡು ಎಚ್ಚೆತ್ತವರು ಪ್ರತ್ಯೇಕಬುದ್ಧರು, ಇನ್ನೊಬ್ಬರ ಬೋಧನೆಯಿಂದ ಎಚ್ಚೆತ್ತವರು ಬುದ್ಧಬೋಧಿತರು. ಮೋಕ್ಷಮಾರ್ಗದ ಈ ವಿಂಗಡಣೆ ಕೈಕೆಲಸಕ್ಕೂ ಹೊಂದುತ್ತದೆಯೇ ಎಂದು ಪರೀಕ್ಷಿಸಲು ಛತ್ತೀಸಗಢದ ಸೋನಾಬಾಯಿ ರಜವಾರ್ ಅವರ ಮನೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸರ್ಗುಜಾ ಜಿಲ್ಲೆಯ ಪುಹಪುಟ್ರಾ ಎಂಬ ಹಳ್ಳಿಯಲ್ಲಿ ಬಾಳಿದ ಸೋನಾಬಾಯಿ ಹುಟ್ಟಿದ್ದು ಸುಮಾರು 1930ರಲ್ಲಿ. ಚಿಕ್ಕ ವಯಸ್ಸಿನಲ್ಲೇ ತಮಗಿಂತ ಬಹಳ ಹಿರಿಯರಾದ ಒಬ್ಬರೊಡನೆ ಮದುವೆಯಾಯಿತು. ಊರಿನ ಅಂಚಿನಲ್ಲಿ ಹೊಸ ಮನೆ ಕಟ್ಟಿದ ಗಂಡ, ಆಕೆ ಹೊರಗಿನವರೊಡನೆ ಬೆರೆಯದಂತೆ ಸುಮಾರು 15 ವರ್ಷ ಮನೆಯೊಳಗೇ ಇರಿಸಿದರು. ಆಡಲು ಜೊತೆಯಿಲ್ಲದ ಮಗನಿಗಾಗಿ ಆಕೆ ಜೇಡಿಮಣ್ಣಿನಲ್ಲಿ ಆಟಿಕೆ ಮಾಡತೊಡಗಿದರು. ಆಟಿಕೆ ಮಾಡಿದ ಕೈ ಮೆಲ್ಲಗೆ ಗೋಡೆಗೆ ಹತ್ತಿತು.

ಸಾಮಗ್ರಿಯೆಲ್ಲ ಮನೆಯಂಗಳದ್ದು. ಬಿದಿರನ್ನು ತೆಳುವಾಗಿ ಸೀಳಿ, ಬಳೆಯಂತೆ ಬಗ್ಗಿಸಿ, ಒಂದಕ್ಕೊಂದು ಹುರಿಯಿಂದ ಬಿಗಿದು, ಮೇಲೆ ಮಣ್ಣು ಮೆತ್ತಿದರೆ ಜಾಲಂಧ್ರವಾಗುತ್ತಿತ್ತು. ಜಗಲಿಯ ಕಂಬಗಳ ನಡುವೆ ಅದು ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತಿತ್ತು. ಹಕ್ಕಿ, ಕೋತಿ, ಹಾವು, ಹುಲಿ, ವಾದ್ಯ ನುಡಿಸುವವರು, ಕೊಳಲೂದುವ ಕೃಷ್ಣ ಇವರೆಲ್ಲ ಹುಲ್ಲಿನ ತಿರುಳಿಗೆ ಮಣ್ಣು ಹತ್ತಿಸಿದ ಉಬ್ಬುಶಿಲ್ಪಗಳಾಗಿ ಗೋಡೆಯ ಮೇಲೆ, ಜಾಲಂಧ್ರದ ಬಳೆಗಳೊಳಗೆ ಬಂದು ಕುಳಿತರು. ಅಂಗಡಿಯ ಬಣ್ಣ ಸಿಗದ ಕಾರಣ ಅಡುಗೆಮನೆಯ ಮಸಾಲೆ, ಸೊಪ್ಪುಗಳಿಂದಲೇ ಬಣ್ಣ ತೆಗೆದರು. ಮಣ್ಣು, ಬಿದಿರು, ಹುಲ್ಲು, ಹುರಿ, ಬಣ್ಣ ಎಲ್ಲ ಕೂಡಿದ ಈ ಕೆಲಸವನ್ನು ಇಂದಿನ ಕಲಾಶಾಲೆಗಳು ಮಿಶ್ರ ಮಾಧ್ಯಮ ಎಂದು ಕರೆಯುತ್ತವೆ. ಆಕೆಗೆ ಅದು ಮನೆಗೆಲಸದ ಮುಂದುವರಿಕೆ.

1982ರಲ್ಲಿ ಭೋಪಾಲದಲ್ಲಿ ತೆರೆದ ಭಾರತ ಭವನಕ್ಕಾಗಿ, ಕಲಾವಿದ ಜೆ. ಸ್ವಾಮಿನಾಥನ್ ಅವರ ಮುಂದಾಳ್ತನದಲ್ಲಿ ಜನಪದ ಮತ್ತು ಆದಿವಾಸಿ ಕಲೆಯ ಸಂಗ್ರಹ ನಡೆದಿತ್ತು. 1983ರಲ್ಲಿ ಅಲ್ಲಿಂದ ಬಂದ ತಂಡ ಈ ಮನೆಯನ್ನು ಕಂಡಿತು. ರಾಷ್ಟ್ರಪತಿ ಪ್ರಶಸ್ತಿ, ವಿದೇಶದ ಪ್ರದರ್ಶನಗಳು ಆಮೇಲಿನವು.

ಈ ಕಥೆಯನ್ನು ಹೇಳುವವರಲ್ಲಿ ಸೆರೆಯೇ ಕಲೆಯನ್ನು ಹುಟ್ಟಿಸಿತು ಎಂಬ ಮಾತು ಬಲುಬೇಗ ಬಾಯಿಗೆ ಬರುತ್ತದೆ. ನೈಯಾಯಿಕರು ಇದನ್ನು ಒಪ್ಪುತ್ತಿರಲಿಲ್ಲ. ಕುಂಬಾರನ ಕತ್ತೆ ಮಣ್ಣು ಹೊತ್ತು ತಂದಿದ್ದರೂ ಅದು ಮಡಕೆಗೆ ಕಾರಣವಲ್ಲ, ಅನ್ಯಥಾಸಿದ್ಧ ಎಂಬುದು ನ್ಯಾಯಶಾಸ್ತ್ರದ ಪ್ರಸಿದ್ಧ ಉದಾಹರಣೆ. ಕತ್ತೆಯಿಲ್ಲದೆಯೂ ಮಡಕೆ ಆಗುತ್ತದೆ, ಕತ್ತೆಯಿದ್ದ ಕಡೆಯೆಲ್ಲ ಮಡಕೆ ಆಗುವುದಿಲ್ಲ. ಬಾಗಿಲೊಳಗೆ ಬಾಳು ಸವೆಸಿದ ಹೆಂಗಸರು ಈ ದೇಶದಲ್ಲಿ ಲೆಕ್ಕಕ್ಕೆ ಸಿಗದಷ್ಟಿದ್ದಾರೆ. ಆ ಮನೆಗಳ ಗೋಡೆಗಳು ಬರಿದಾಗಿಯೇ ಉಳಿದವು. ಸೆರೆ ಬಿಡುವು ಕೊಟ್ಟಿತು ಎಂದು ಬೇಕಾದರೆ ಹೇಳಬಹುದು. ಅದಕ್ಕಿಂತ ಹೆಚ್ಚಿನದನ್ನು ಸೆರೆಯ ಖಾತೆಗೆ ಬರೆದರೆ ಅನ್ಯಾಯಕ್ಕೆ ಕಲೆಯ ಹೆಸರಿನಲ್ಲಿ ಮಾಫಿ ಕೊಟ್ಟಂತೆ.

ಹಾಗಾದರೆ ಕಾರಣ ಯಾವುದು? ನೆನಪು ಎಂಬುದು ಒಂದು ಉತ್ತರ. ರಜವಾರ್ ಸಮುದಾಯದ ಹೆಂಗಸರು ಸುಗ್ಗಿಯ ಛೇರತಾ ಹಬ್ಬದ ಹೊತ್ತಿಗೆ ಮನೆಯ ಗೋಡೆಗಳನ್ನು ಸಾರಿಸಿ ಸಿಂಗರಿಸುತ್ತಾರೆ. ಹುಡುಗಿಯಾಗಿದ್ದಾಗ ಇಂಥ ಗೋಡೆಗಳನ್ನು ನೋಡಿದ ಕಣ್ಣಿಗೆ ಸಂಸ್ಕಾರ ಉಳಿದಿರುತ್ತದೆ, ತಕ್ಕ ಉದ್ಬೋಧಕ ಸಿಕ್ಕಾಗ ಅದು ಎಚ್ಚರಗೊಳ್ಳುತ್ತದೆ ಎಂದು ನ್ಯಾಯ-ವೈಶೇಷಿಕರು ವಿವರಿಸಬಲ್ಲರು. ಈ ವಿವರಣೆ ಅರ್ಧ ದಾರಿಯವರೆಗೆ ಸರಿ. ಬಿದಿರು ಬಳೆಗಳ ಜಾಲಂಧ್ರವಾಗಲಿ, ಅದರೊಳಗೆ ಕುಳಿತ ಜೀವಿಗಳಾಗಲಿ ಆ ಹಬ್ಬದ ಅಲಂಕಾರದಲ್ಲಿ ಇರಲಿಲ್ಲ. ಇಲ್ಲದ್ದು ನೆನಪಿಗೆ ಬರುವುದಿಲ್ಲ.

ಇಲ್ಲಿ ಆಲಂಕಾರಿಕರ ನೆರವು ಬೇಕಾಗುತ್ತದೆ. ದಂಡಿ ಕಾವ್ಯಕ್ಕೆ ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಪಾಂಡಿತ್ಯ, ಬಿಡದ ಅಭ್ಯಾಸ ಮೂರನ್ನೂ ಕೇಳಿದ. ರಾಜಶೇಖರ ಪ್ರತಿಭೆಯಲ್ಲೇ ಸಹಜ, ಆಹಾರ್ಯ (ಗಳಿಸಿಕೊಂಡದ್ದು), ಔಪದೇಶಿಕ (ಉಪದೇಶದಿಂದ ಬಂದದ್ದು) ಎಂದು ಮೂರು ಬಗೆ ಮಾಡಿದ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ದಂಡಿಯ ಜಾಡಿನಲ್ಲೇ ನಡೆದರೂ, ಕ್ರಮವಾಗಿ ಓದದೆಯೇ ಕಾವ್ಯದಲ್ಲಿ ಪಳಗಿದ ಬುದ್ಧಿಯುಳ್ಳವರು ಎಂದು ಕನ್ನಡ ನಾಡಿನ ಜನರನ್ನು ಕೊಂಡಾಡುತ್ತದೆ; ಪಾಂಡಿತ್ಯವನ್ನು ಒಂದು ಕ್ಷಣ ಪಕ್ಕಕ್ಕಿಟ್ಟ ಧೈರ್ಯದ ಮಾತು ಅದು. ಸೋನಾಬಾಯಿಯಲ್ಲಿ ಕಾಣುವುದು ಸಹಜ ಪ್ರತಿಭೆ ಮತ್ತು ಅಭ್ಯಾಸ. ಪಾಂಡಿತ್ಯದ ಸ್ಥಾನ ಖಾಲಿ ಎನ್ನುವುದು ಮಾತ್ರ ಅವಸರ.

ಆ ಸ್ಥಾನವನ್ನು ಸಾಮಗ್ರಿಯೇ ತುಂಬಿತ್ತು ಎನ್ನುವುದು ಹೆಚ್ಚು ಸರಿ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ದಪ್ಪವಾದರೆ ಬಿರಿಯುತ್ತದೆ, ಒಳಗೆ ಹಿಡಿತವಿಲ್ಲದಿದ್ದರೆ ಕಳಚಿ ಬೀಳುತ್ತದೆ. ಬಲಿತು ಒಣಗಿದ ಬಿದಿರು ಬಾಗುವ ಮೊದಲೇ ಮುರಿಯುತ್ತದೆ. ತಪ್ಪನ್ನು ತೋರಿಸಿ, ಮತ್ತೆ ಮಾಡು ಎನ್ನುವ ಗುರುವಿನ ಕೆಲಸವೂ ಇದೇ. ಭಾಗವತದ ಅವಧೂತ ಭೂಮಿ, ಗಾಳಿ, ಜೇಡ ಮೊದಲಾದ 24 ಗುರುಗಳನ್ನು ಹೆಸರಿಸುತ್ತಾನೆ. ಆದರೆ ಆತ ಅವುಗಳಿಂದ ಪಡೆದದ್ದು ತಾಳ್ಮೆ, ಅಸಂಗಗಳಂಥ ಗುಣ. ಜೇಡನನ್ನು ನೋಡಿ ಆತ ನೇಯಲು ಕಲಿಯಲಿಲ್ಲ. ಏಕಲವ್ಯನ ಮಣ್ಣಿನ ದ್ರೋಣನೂ ಬೇರೆಯೇ: ಅಲ್ಲಿ ಮಣ್ಣು ಕಲಿಸಲಿಲ್ಲ, ಕಲಿಸಬೇಕಾದವರ ಆಕಾರ ತಾಳಿ ನಿಂತಿತು, ಕೊನೆಗೆ ಹೆಬ್ಬೆರಳಿನ ಸಾಲ ಹೊರಿಸಿತು. ಪುಹಪುಟ್ರಾದ ಮಣ್ಣು ಯಾರ ಪರವಾಗಿಯೂ ನಿಂತದ್ದಲ್ಲ. ಜೈನರ ಲೆಕ್ಕದಲ್ಲಿ ಹೇಳುವುದಾದರೆ ಸೋನಾಬಾಯಿ ಸ್ವಯಂಬುದ್ಧರಿಗಿಂತ ಪ್ರತ್ಯೇಕಬುದ್ಧರ ಸಾಲಿಗೆ ಹತ್ತಿರ.

ದೇವರ ಪ್ರಶ್ನೆಯೂ ಇದರೊಳಗೆ ಸೇರಿಕೊಂಡಿದೆ. ಶಿಲ್ಪಶಾಸ್ತ್ರ ಪೂಜೆಯ ಮೂರ್ತಿಗೆ ತಾಲಮಾನವನ್ನೂ ಧ್ಯಾನಶ್ಲೋಕವನ್ನೂ ವಿಧಿಸುತ್ತದೆ. ಅಳತೆ ತಪ್ಪಿದ ಮೂರ್ತಿ ಪೂಜೆಗೆ ಸಲ್ಲದು. ಮನೆಯ ಗೋಡೆಯ ಈ ಕೃಷ್ಣನಿಗೆ ಅಳತೆಯೂ ಇಲ್ಲ, ಪ್ರಾಣಪ್ರತಿಷ್ಠೆಯೂ ಇಲ್ಲ. ಕೋತಿ, ಹಕ್ಕಿಗಳ ನಡುವೆ ಅವುಗಳಷ್ಟೇ ಎತ್ತರಕ್ಕೆ ನಿಂತ ಆತ ಪೂಜೆಗಿಂತ ಹೆಚ್ಚಾಗಿ ಜೊತೆಗೆ ಬಂದವನು. ಅಪ್ಪಣೆಯಿಲ್ಲದೆ ದೇವರನ್ನು ಮಾಡುವ ಈ ಸಲಿಗೆ ಶಾಸ್ತ್ರಕ್ಕೆ ಹೊರಗಿನದು, ಭಕ್ತಿಗೆ ಹೊರಗಿನದಲ್ಲ.

ಸೋನಾಬಾಯಿ 2007ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಮಗ ದರೋಗಾ ರಾಮ್, ಸೊಸೆ ರಾಜನ್‌ಬಾಯಿ ಮತ್ತು ಸುತ್ತಲಿನ ಅನೇಕರು ಆಕೆಯಿಂದ ಈ ಕೆಲಸ ಕಲಿತಿದ್ದರು. ಇಂದು ಸರ್ಗುಜಾದಲ್ಲಿ ಜಾಲಂಧ್ರ ಕಟ್ಟುವವರು ಬಿದಿರು ಎಷ್ಟು ತೆಳುವಿರಬೇಕೆಂದು ಮಣ್ಣನ್ನು ಕೇಳಬೇಕಾಗಿಲ್ಲ, ಬಲ್ಲವರನ್ನು ಕೇಳಿದರಾಯಿತು. ರಾಜಶೇಖರನ ಪಟ್ಟಿಯಲ್ಲಿ ಅವರದು ಔಪದೇಶಿಕರ ಸಾಲು.